ಶುಭಾ, ಯಾರಿಗೂ ಕಾಯಬೇಡಿ
ಶುಭಾ, ರಾತ್ರಿ ನೀನು ಹಾಕಿದ ಮೆಸೇಜು ಈಗ ನೋಡಿದೆ ಪುಟ್ಟಾ. 2009ರಲ್ಲಿ ಆಸ್ಕರ್ ಬಂತಲ್ಲ, ಆ ಜಪಾನಿ ಸಿನಿಮಾ 'ಡಿಪಾರ್ಚರ್ಸ್', ಅದನ್ನ ನೋಡಿ ಅತ್ತುಬಿಟ್ಟೆ ಅಂದಿದ್ದೀಯ. ಸತ್ತವರ ಸೆಟೆದ ಬೆರಳನ್ನ ನಿಜವಾಗಿ ಅದರಲ್ಲಿ ತೋರಿಸಿದ ಹಾಗೆ ಬಿಡಿಸೋಕೆ ಆಗುತ್ತಾ, ಅಪ್ಪನಿಗೆ ಏನಾದರೂ ಆದರೆ ನಾವೇನು ಮಾಡಬೇಕು ಅಂತ ಕೇಳಿದ್ದೀಯ. ನಿಮ್ಮಪ್ಪ ಈ ಗ್ರೂಪಿನಲ್ಲಿಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ.

ಆಗುತ್ತೆ. ಜಪಾನಿನಲ್ಲಿ ನೋಕಾನ್ಶಿ ಅಂತ, ಹೋದವರ ದೇಹ ಅಣಿ ಮಾಡಿ ಪೆಟ್ಟಿಗೆಯಲ್ಲಿ ಇಡೋದೇ ಕಸುಬಾದವರು ಇರ್ತಾರೆ. ಬೆರಳು, ಮಣಿಕಟ್ಟು, ಮೊಳಕೈ ಒಂದೊಂದಾಗಿ ನೀವಿ ಸಡಿಲ ಮಾಡಿ, ಕೈ ಜೋಡಿಸಿ ಜಪಮಣಿ ಹಾಕ್ತಾರೆ. ಹೊದಿಕೆ ಸರಿಸದೇನೇ ಒಳಗಿಂದ ಮೈ ಒರೆಸಿ ಬಟ್ಟೆ ಬದಲಿಸ್ತಾರೆ, ಮನೆಯವರ ಎದುರಿಗೇ, ಒಂದಿಷ್ಟೂ ಮೈ ಕಾಣದ ಹಾಗೆ. ಬದುಕಿದ್ದವರಿಗೆ ಕಿಮೋನೊದ ಎಡ ಮಗ್ಗುಲು ಮೇಲೆ ಬಂದರೆ, ಹೋದವರಿಗೆ ಬಲ ಮಗ್ಗುಲು ಮೇಲೆ.

ಆದರೆ ಅವು ಪಳಗಿದ ಕೈ. ನಾವು ಹೊತ್ತು ಮೀರಿಸಬಾರದು. ನಮ್ಮತ್ತೆ ಹೋದಾಗ ಏನಾಯ್ತು ನಿಮಗೆಲ್ಲ ಗೊತ್ತೇ ಇದೆ. ಬೆಳಗಿನ ಜಾವ ಹೋದರು. ದೊಡ್ಡ ಭಾವ ಮುಂಬೈಯಿಂದ ಬರಲಿ ಅಂತ, ಮನೆ ತುಂಬ ಜನ ಇದ್ದರೂ ಯಾರೂ ಮುಟ್ಟಲಿಲ್ಲ. ಅವರು ಬಂದಾಗ ಬಾಯಿ ತೆರೆದ ಹಾಗೇ ಸೆಟೆದಿತ್ತು, ಬಟ್ಟೆ ಬಿಗಿದು ಕಟ್ಟಿದರೂ ಕೂಡಲಿಲ್ಲ. ಸೆಟೆತ ಮೊದಲು ಬರೋದೇ ರೆಪ್ಪೆಗೆ, ದವಡೆಗೆ, ಕುತ್ತಿಗೆಗೆ, 2-3 ಗಂಟೆಯಲ್ಲಿ. ಯಾರಿಗೂ ಕಾಯಬೇಡಿ. ಡಾಕ್ಟರು ನೋಡಿ ಹೇಳಿದ ಕೂಡಲೇ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ. ಗದ್ದದ ಕೆಳಗಿಂದ ನೆತ್ತಿಗೆ ಬಟ್ಟೆ ಪಟ್ಟಿ ಕಟ್ಟಿ. ತಲೆಗೆ ದಿಂಬು ಕೊಡಿ, ಇಲ್ಲಾಂದ್ರೆ ರಕ್ತ ಇಳಿದು ಮುಖ ಕಪ್ಪಿಡುತ್ತೆ. ಕೈಕಾಲು ನೇರ ಮಾಡಿ ಹೆಬ್ಬೆರಳು ಕಟ್ಟಿ. ಉಂಗುರ ಆಗಲೇ ತೆಗೀರಿ. ಮತ್ತೆ ಹೇಳ್ತೀನಿ, ಅಮೆರಿಕದಿಂದ ಬರೋರಿದ್ದರೂ ಇದಕ್ಕೆ ಮಾತ್ರ ಕಾಯಬೇಡಿ.

ಈಗ ಎಲ್ಲರೂ ಮೊದಲು ಫ್ರೀಜರ್ ಬಾಕ್ಸಿಗೆ ಫೋನ್ ಮಾಡ್ತಾರೆ. ತಣ್ಣಗಿಟ್ಟಷ್ಟೂ ಸೆಟೆತ ಬಿಡೋದು ತಡ ಅಂತ ಯಾರಿಗೂ ಗೊತ್ತಿಲ್ಲ. ನೂರು ಜನ ಹಾರ ಹಾಕ್ತಾರೆ, ಮುಖ ಒರೆಸೋಕೆ ಒಂದು ಕೈ ಮುಂದೆ ಬರಲ್ಲ. ಸಿನಿಮಾದಲ್ಲಿ ಈ ಕೆಲಸ ಮಾಡೋನಿಗೆ ಅವನ ಹೆಂಡತಿಯೇ ಮುಟ್ಟಬೇಡ, ಮೈಲಿಗೆ ಅಂತಾಳಲ್ಲ, ನಮ್ಮವರೂ ಅಷ್ಟೇ. ಚಿತಾಗಾರದಲ್ಲಿ ಕೆಲಸ ಮಾಡೋರಿಗೆ ಒಂದು ಲೋಟ ನೀರು ಕೊಟ್ಟವರನ್ನ ನಾನು ಕಂಡಿಲ್ಲ. ನನಗೆ ಅದು ತುಂಬ ನೋವು.

ಅಯ್ಯೋ, ಮುಖ್ಯವಾದ್ದೇ ಬಿಟ್ಟೆ. ನಿಮ್ಮಪ್ಪನಿಗೆ ಪೇಸ್‌ಮೇಕರ್ ಇದೆಯಲ್ಲ, ಬೆಂಕಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತೆ. ಜಪಾನಿನಲ್ಲೂ ಅದನ್ನ ಚಿತಾಗಾರದವರಿಗೆ ಮೊದಲೇ ತಿಳಿಸ್ತಾರೆ. ಇಲ್ಲಿ ಡಾಕ್ಟರಿಂದ ತೆಗೆಸಿಬಿಡಬೇಕು. ಅದರ ಕಾರ್ಡು ಹುಡುಕಿ ಆಧಾರ್ ಜೊತೆ ಇಡು. ಮನೆಯಲ್ಲೇ ಆದರೂ ಸಾವಿನ ಕಾರಣ ಬರೆದುಕೊಡೋ ಡಾಕ್ಟರು ಬೇಕು, ಮನೆಗೆ ಬರ್ತಾರಾ ಅಂತ ಈ ವಾರವೇ ಕೇಳಿಟ್ಟುಕೋ. ನೋಂದಣಿಗೆ 21 ದಿನ ಇರುತ್ತೆ, ಅದಕ್ಕೆ ಆತುರ ಇಲ್ಲ.