ಲಾಳ ಹೊಡೆಯೋ ಹಳೇ ಚಿತ್ರ: ಕಲ್ಲಚ್ಚೋ, ಮರುಮುದ್ರಣವೋ?

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಕಮ್ಮಾರ ಕುದುರೆಗೆ ಲಾಳ ಹೊಡೆಯೋ ಚಿತ್ರ ಇದೆ. ಕೆಳಗೆ ಜೆರಿಕೋ (ಫ್ರೆಂಚ್ ಚಿತ್ರಕಾರ), 1821 ಅಂತಿದೆ. ಅಸಲಿ ಅಂತ ಹೇಗೆ ತಿಳಿಯೋದು? ಅಲ್ಲಲ್ಲಿ ಕಂದು ಚುಕ್ಕಿ ಬೇರೆ.

ಉತ್ತರ 1: 10 ಪಟ್ಟಿನ ಭೂತಗನ್ನಡಿಯಲ್ಲಿ ಕುದುರೆ ತೊಡೆಯ ನೆರಳು ನೋಡಿ. ಕಲ್ಲಚ್ಚಾದರೆ, ಅಂದರೆ ಜಿಡ್ಡು ಬಳಪದಿಂದ ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ್ದರೆ, ಮಸಿ ಕಾಳುಕಾಳಾಗಿ, ಅಡ್ಡಾದಿಡ್ಡಿಯಾಗಿ ಕೂತಿರುತ್ತೆ. ಸಾಲುಸಾಲು ಚುಕ್ಕಿ ಕಂಡರೆ ಈಗಿನ ಯಂತ್ರಮುದ್ರಣವಾದ ಆಫ್‌ಸೆಟ್, ಬಿಟ್ಟುಬಿಡಿ. ಜೆರಿಕೋನ 1821ರ ಲಂಡನ್ ಸರಣಿಯನ್ನು ಅಚ್ಚು ಹಾಕಿದ್ದು ಅಲ್ಲಿನ ಕಲ್ಲಚ್ಚು ಮುದ್ರಕ ಹಲ್‌ಮ್ಯಾಂಡೆಲ್. ಹೆಸರಿದ್ದ ಮಾತ್ರಕ್ಕೆ ನಂಬಬೇಡಿ, ನಕಲಿನಲ್ಲೂ ಅದು ಹಾಗೇ ಬರುತ್ತೆ.

ಉತ್ತರ 2: ಕಾಲೋಟೈಪ್ (ಜೆಲಟಿನ್ ಪದರದಿಂದ ಫೋಟೊ ಅಚ್ಚು ಹಾಕೋ ಹಳೇ ವಿಧಾನ) ನಕಲಲ್ಲೂ ಸಾಲು ಚುಕ್ಕಿ ಇರಲ್ಲ ಮಾರಾಯ್ರೇ! ಅದರಲ್ಲಿ ಹುಳ ಹರಿದಂಥ ಸಣ್ಣ ಸುಕ್ಕು ಕಾಣುತ್ತೆ.

ಉತ್ತರ 3: ಕಂದು ಚುಕ್ಕಿಗೆ ಬ್ಲೀಚಿಂಗ್ ಮುಟ್ಟಿಸಬೇಡಿ, ಕಾಗದದ ನಾರು ಸತ್ವ ಕಳೆದುಕೊಳ್ಳುತ್ತೆ. ಹಿಂದಿನ ರಟ್ಟು ತೆಗೆದು ಆಮ್ಲರಹಿತ ಬೋರ್ಡ್ ಹಾಕಿಸಿ. ಸೆಲೋಟೇಪ್ ಬೇಡ, ಜಪಾನಿ ಕಾಗದದ ಪಟ್ಟಿಗೆ ಗೋಧಿ ಪಿಷ್ಟದ ಅಂಟು ಸಾಕು. ಚಿತ್ರ ಗಾಜಿಗೆ ತಾಗಬಾರದು.