ಪದ ಬೇಕು: ಇಂಟರ್‌ಪ್ರಿಟರ್, ಐಡಿಇ (ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ಶನಿವಾರ ಧಾರವಾಡದಲ್ಲಿ ಡಿಪ್ಲೊಮಾ ಹುಡುಗರಿಗೆ ಪೈಥಾನ್ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದೇವೆ. ಕನ್ನಡದ ಕೈಪಿಡಿ ಇವತ್ತು ಸಂಜೆ ಆರಕ್ಕೆ ಪ್ರೆಸ್ಸಿಗೆ ಹೋಗಬೇಕು. ಎರಡು ಪದ ಸಿಗದೆ ಕೆಲಸ ನಿಂತಿದೆ: ಬರೆದ ಸಾಲನ್ನು ಆಗಲೇ ನಡೆಸಿ ತೋರಿಸುವ ಇಂಟರ್‌ಪ್ರಿಟರ್, ಪ್ರೋಗ್ರಾಂ ಬರೆದು ಓಡಿಸುವ ತಂತ್ರಾಂಶವಾದ ಐಡಿಇ.

ಐಡಲ್ (ಪೈಥಾನ್ ಜೊತೆಗೇ ಬರುವ ಐಡಿಇ) ತೆರೆದ ಕೂಡಲೇ >>> ಗುರುತಿನ ಕಿಟಕಿ ಬರುತ್ತದೆ. ಅಲ್ಲಿ 2+3 ಬರೆದು ಎಂಟರ್ ಒತ್ತಿದರೆ 5 ಅನ್ನುತ್ತದೆ. ಹೊಸ ಫೈಲ್ ತೆರೆದು ಅದೇ 2+3 ಬರೆದು, ಸೇವ್ ಮಾಡಿ, ಎಫ್5 ಒತ್ತಿ ನೋಡಿ. ರೀಸ್ಟಾರ್ಟ್ ಅನ್ನುವ ಒಂದು ಗೆರೆ ಬರುತ್ತದೆ, 5 ಮಾತ್ರ ಬರುವುದಿಲ್ಲ. ಫೈಲಿನಲ್ಲಾದರೆ ತೆರೆಯ ಮೇಲೆ ತೋರಿಸು ಎನ್ನುವ ಪ್ರಿಂಟ್ ಆಜ್ಞೆ ಹಾಕಲೇಬೇಕು. ಹೋದ ಸಲ ಒಬ್ಬ ಹುಡುಗ 'ಸರ್, ಇದು ಕೆಟ್ಟಿದೆ' ಎಂದು ಪಕ್ಕದ ಕಂಪ್ಯೂಟರಿಗೆ ಹೋಗಿ ಕೂತ. ಇನ್ನೊಬ್ಬಳು ಪುಸ್ತಕದಲ್ಲಿದ್ದ >>> ಅನ್ನೂ ಬಿಡದೆ ಫೈಲಿನಲ್ಲಿ ಬರೆದಳು. ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿಯೇ ತಪ್ಪು ಅಂದಿತು. ಆ ಕಿಟಕಿಗೂ ಫೈಲ್ ಬರೆಯುವ ಜಾಗಕ್ಕೂ ಬೇರೆ ಬೇರೆ ಹೆಸರಿದ್ದರೆ ಅರ್ಧ ಗೊಂದಲ ಮುಗಿಯುತ್ತದೆ, ಅಲ್ವಾ?

'ಸಂವಾದಾತ್ಮಕ ಅರ್ಥವಿವರಕ', 'ಸಮಗ್ರ ಅಭಿವೃದ್ಧಿ ಪರಿಸರ' ಇಂಥವು ದಯವಿಟ್ಟು ಬೇಡ. ಎರಡನೆಯದನ್ನು ಓದಿದರೆ ಕೆರೆ ಹೂಳೆತ್ತುವ ಯೋಜನೆ ಅನ್ನಿಸುತ್ತದೆ.

ಹಾವೇರಿಯಿಂದ:
ಇಂಟರ್‌ಪ್ರಿಟರ್‌ಗೆ ದುಭಾಷಿ. ಇದ್ದ ಪದ ಬಿಟ್ಟು ಹುಡುಕುವುದು ಯಾಕೆ? ದ್ವಿಭಾಷಿಯೇ ದುಭಾಷಿ ಆದದ್ದು. ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಇಟ್ಟುಕೊಂಡಿದ್ದ ದಲ್ಲಾಳಿಗಳಿಗೂ ಇದೇ ಹೆಸರು, ದುಬಾಶ್.

ಗದಗದಿಂದ:
ತಪ್ಪು. ದುಭಾಷಿ ಕೇಳಿದ್ದನ್ನು ಇನ್ನೊಂದು ಭಾಷೆಯಲ್ಲಿ ಹೇಳಿ ಸುಮ್ಮನಾಗುತ್ತಾನೆ. ಇದು ಹೇಳಿದ್ದನ್ನು ಮಾಡಿಯೇ ತೋರಿಸುತ್ತದೆ. ಬೆಟಗೇರಿಯ ಮಗ್ಗದಲ್ಲಿ ಲಾಳಿ ಒಮ್ಮೆ ಓಡಿದರೆ ಒಂದು ಎಳೆ ಕೂತದ್ದು ಕಣ್ಣಿಗೇ ಕಾಣುತ್ತದಲ್ಲ, ಹಾಗೆ. 'ನಡೆಸುಗ' ಅನ್ನಿ. ಓದುಗ, ಕೇಳುಗ ಇದ್ದಂತೆ. ಐಡಿಇಗೆ 'ಕಮ್ಮಟ'. ನಾಣ್ಯ ಅಚ್ಚು ಹಾಕುವ ಜಾಗಕ್ಕೆ ಇದ್ದ ಹಳೆಯ ಪದ.

ಹಾವೇರಿಯಿಂದ:
'ಗ' ಹತ್ತುವುದು ಮನುಷ್ಯರಿಗೆ. ಸಾಧನಕ್ಕೆ 'ಅಣಿಗೆ': ಬೀಸಣಿಗೆ, ಬಾಚಣಿಗೆ. ಇಷ್ಟೂ ನೋಡದೆ ಪದ ಕಟ್ಟಬೇಡಿ.

ಹುಬ್ಬಳ್ಳಿಯಿಂದ:
ಹಾಗಾದರೆ 'ನಡೆಸಣಿಗೆ' ಆಯಿತು. ದುರ್ಗದ ಬೈಲಿನಲ್ಲಿ ಮೆರವಣಿಗೆ ಹೊರಟ ಹಾಗಿದೆ ಸರ್! ಕಮ್ಮಟ ಅಂದರೆ ಈಗ ಎಲ್ಲರಿಗೂ ಎರಡು ದಿನದ ಕಥಾ ಕಮ್ಮಟ, ಮಧ್ಯಾಹ್ನ ಊಟ, ಕೊನೆಗೆ ಪ್ರಮಾಣಪತ್ರ. ಸುಮ್ನೆ ಇಂಟರ್‌ಪ್ರಿಟರ್ ಅನ್ನಿ. ಕಾರ್ಖಾನೆ, ದವಾಖಾನೆ ಪಾರಸಿಯಿಂದ ಬಂದವು. ಖುರ್ಚಿ ಅರಬ್ಬಿಯದು. ಆ ಖುರ್ಚಿಯ ಮೇಲೆ ಕೂತುಕೊಂಡೇ ಇಂಗ್ಲಿಷಿಗೆ ಮೈಲಿಗೆ ಅಂತೀರಿ.

ಗದಗದಿಂದ:
ಖುರ್ಚಿ ನಮ್ಮ ಬಾಯಿಗೆ ಒಗ್ಗಿ ಎಷ್ಟು ತಲೆಮಾರಾಯಿತು? ಇಂಟರ್‌ಪ್ರಿಟರ್ ಅನ್ನಲು ಆ ಹುಡುಗರನ್ನೇ ಕೇಳಿ ನೋಡಿ. ನಾಲಿಗೆ ಮೂರು ಕಡೆ ಎಡವುತ್ತದೆ.

ಧಾರವಾಡದಿಂದ:
ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು. 'ಕೇಳು-ಹೇಳು ಕಿಟಕಿ', 'ಬರೆಯುವ ಕಿಟಕಿ' ಎಂದು ಹಾಕಿ ಕಳಿಸಿಬಿಟ್ಟೆ. ಎರಡೂ ಐಡಲ್ ಒಳಗೇ ಇವೆ, ಹಾಗಾಗಿ ಐಡಿಇಗೆ ಬೇರೆ ಪದವೇ ಬೇಕಾಗಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಹಾವೇರಿಯಿಂದ:
ಕಿಟಕಿ ಎಲ್ಲಿಯದು? ಮರಾಠಿಯಲ್ಲಿ ಖಿಡಕಿ. ಬೆಳಕಿಂಡಿ ಇತ್ತಲ್ಲ.