ಸಹಾಯ ಬೇಕು: ಹಳೇ ವಿಂಡೋಸ್ 7ರಲ್ಲಿ ಸಿಗ್‌ವಿನ್ ಫೋರ್ಕ್ ಎರರ್

ಎಲ್ಲರಿಗೂ ನಮಸ್ಕಾರ. ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಯಾವ ರೈತರದು 15 ಕೆಜಿಯ ಬಾಕ್ಸ್ ಎಷ್ಟು ಬಂತು, ಯಾವ ರೇಟಿಗೆ ಹೋಯಿತು ಅಂತ ಒಂದು ಟೆಕ್ಸ್ಟ್ ಫೈಲ್‌ಗೆ ಹಾಕುತ್ತೇವೆ. ಸಂಜೆ ಸಿಗ್‌ವಿನ್‌ನಲ್ಲಿ (ಲಿನಕ್ಸ್ ಥರದ ಪ್ರೋಗ್ರಾಂಗಳನ್ನು ವಿಂಡೋಸ್‌ನಲ್ಲಿ ಓಡಿಸೋ ಸಾಫ್ಟ್‌ವೇರ್) ಒಂದು ಬ್ಯಾಷ್ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್, ಅದರಿಂದ ಪಟ್ಟಿ ತೆಗೆದುಕೊಡುತ್ತದೆ.

ಈಗ ಅದು ಅರ್ಧಕ್ಕೇ ನಿಲ್ಲುತ್ತಿದೆ. 'ಫೋರ್ಕ್: ರಿಟ್ರೈ: ರಿಸೋರ್ಸ್ ಟೆಂಪೊರರಿಲಿ ಅನ್‌ಅವೈಲಬಲ್' ಅಂತ ಬರುತ್ತದೆ. ಆಂಟಿವೈರಸ್ ಬದಲಾಯಿಸಿದ ಮೇಲೆ ಶುರುವಾಗಿದ್ದು, ಹಾಗಾಗಿ ಅನುಮಾನ ಅದರ ಮೇಲೇ. ಸಿಗ್‌ವಿನ್ ಡಿಎಲ್‌ಎಲ್ (ಪ್ರೋಗ್ರಾಂಗಳು ಬಳಸೋ ಕೋಡ್ ಫೈಲ್) ಕೂರಬೇಕಾದ ಮೆಮೊರಿ ವಿಳಾಸದಲ್ಲಿ ಆಂಟಿವೈರಸ್‌ನ ಡಿಎಲ್‌ಎಲ್ ಬಂದು ಕೂತರೆ, ಫೋರ್ಕ್ ಆದ ಪ್ರೋಸೆಸ್‌ಗೆ, ಅಂದರೆ ಪ್ರೋಗ್ರಾಂ ಮಾಡಿಕೊಳ್ಳೋ ತನ್ನದೇ ನಕಲಿಗೆ, ಜಾಗ ಸಿಗಲ್ಲ ಅಲ್ವಾ? ನಮ್ಮದು 32 ಬಿಟ್ ಬೇರೆ, ಮೊದಲೇ ಜಾಗ ಕಮ್ಮಿ.

ಸಿಗ್‌ವಿನ್ ವಿಂಡೋ, ಸರ್ವಿಸ್ ಎಲ್ಲ ಮುಚ್ಚಿ, ಕಮಾಂಡ್ ಪ್ರಾಂಪ್ಟ್‌ನಿಂದ ಡ್ಯಾಶ್ (ಸಿಗ್‌ವಿನ್‌ನ ಚಿಕ್ಕ ಶೆಲ್) ತೆರೆದು, ಡಿಎಲ್‌ಎಲ್‌ಗಳಿಗೆ ಬೇರೆ ಬೇರೆ ವಿಳಾಸ ಕೊಡೋ ರೀಬೇಸ್‌ಆಲ್ ಓಡಿಸಿದೆ. ಸ್ವಲ್ಪ ಹೊತ್ತು ಚೆನ್ನಾಗಿತ್ತು. ಮಷಿನ್ ರೀಸ್ಟಾರ್ಟ್ ಆದರೆ ಮತ್ತೆ ಅದೇ ರಾಗ.

ಸಿಗ್‌ವಿನ್ 3.3ರ ನಂತರ 32 ಬಿಟ್‌ಗೆ ಸಪೋರ್ಟ್ ಇಲ್ಲ, 3.4ರ ನಂತರ ವಿಂಡೋಸ್ 7ಕ್ಕೇ ಇಲ್ಲ, ಗೊತ್ತು. ಹೊಸ ಕಂಪ್ಯೂಟರ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ. ಸೀಸನ್ ಮುಗಿಯೋವರೆಗೆ ಸಾಹುಕಾರರು ದುಡ್ಡು ಬಿಚ್ಚಲ್ಲ!

ಆಂಟಿವೈರಸ್‌ನ ಎಕ್ಸ್‌ಕ್ಲೂಷನ್‌ಗೆ (ಮುಟ್ಟಬೇಡ ಅನ್ನೋ ಪಟ್ಟಿಗೆ) ಸಿಗ್‌ವಿನ್ ಫೋಲ್ಡರ್ ಹಾಕಿದರೆ ಸಾಕಾ, ಇಲ್ಲಾ ಆಗಲೂ ಆ ಡಿಎಲ್‌ಎಲ್ ಒಳಗೆ ನುಗ್ಗುತ್ತಾ? ರೀಬೇಸ್‌ಆಲ್‌ಗೆ ಬೇರೆ ಬೇಸ್ ವಿಳಾಸ ಕೊಟ್ಟು ಓಡಿಸಿದವರಿದ್ದರೆ, ಯಾವ ವಿಳಾಸ ಕೊಟ್ಟಿರಿ ಹೇಳಿ. ಸಿಗ್‌ಚೆಕ್ (ಸಿಗ್‌ವಿನ್ ಸ್ಥಿತಿ ತೋರಿಸೋ ಕಮಾಂಡ್) ರಿಪೋರ್ಟ್ ಬೇಕಾದರೆ ಕಳಿಸುತ್ತೇನೆ. ಕೋಲಾರದವರೇ ಯಾರಾದರೂ ಇದ್ದರೆ ಹರಾಜು ಮುಗಿದ ಮೇಲೆ ಬಂದು ನೋಡಿದರೂ ಸರಿ, ಕಾಫಿ ನನ್ನದು.